ಹಳ್ಳದ ದಂಡೆಯಲ್ಲಿ 11 ಮರಜರಿ ಇವೆ, ರಸ್ತೆ ಕೆಲಸ ಬರುತ್ತಿದೆ. ಏನು ಮಾಡಬಹುದು?

ದರೆಮನೆ · ನವೆಂಬರ್ 9

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆಯವಳು. ಅಡಿಕೆ ತೋಟ ಇದೆ. ತೋಟದ ಕೆಳಗೆ ಒಂದು ಹಳ್ಳ. ಬೇಸಿಗೆಯಲ್ಲೂ ಪೂರ್ತಿ ಬತ್ತುವುದಿಲ್ಲ.

ಆ ಹಳ್ಳದ ದಂಡೆಯಲ್ಲಿ ಮರಜರಿ ಇವೆ. ಮರದ ಹಾಗೆ ಎದ್ದು ನಿಂತ ಜರೀಗಿಡ. ದೊಡ್ಡದು ನನ್ನ ಎರಡರಷ್ಟು ಎತ್ತರ. ತುದಿಯಲ್ಲಿ ಕೊಡೆ ಬಿಚ್ಚಿದ ಹಾಗೆ ಎಲೆ. ಮೊನ್ನೆ ಇಳಿದು ಎಣಿಸಿ ಬಂದೆ. ದೊಡ್ಡವು 11, ಮೊಣಕಾಲೆತ್ತರದವು 4. ಚಿಕ್ಕವಳಿದ್ದಾಗ ಇನ್ನೂ ಜಾಸ್ತಿ ಇದ್ದವು.

ಈಗ ನಮ್ಮ ಊರಿನ ರಸ್ತೆ ಅಗಲ ಮಾಡಲು ಮಂಜೂರಾಗಿದೆ. ಜನವರಿಗೆ ಕೆಲಸ ಶುರು ಅನ್ನುತ್ತಾರೆ. ಜೆಸಿಬಿಯಲ್ಲಿ ದರೆ, ಅಂದರೆ ರಸ್ತೆ ಬದಿಯ ಮಣ್ಣಿನ ಗೋಡೆ, ಕಡಿಯುತ್ತಾರೆ. ಕಡಿದ ಮಣ್ಣನ್ನು ಹಳ್ಳದ ಕಡೆಗೇ ತಳ್ಳುತ್ತಾರೆ. ಮೂರು ವರ್ಷದ ಹಿಂದೆ ಮೇಲಿನ ತಿರುವಿನಲ್ಲಿ ಹಾಗೇ ಆಯಿತು. ಅಲ್ಲಿದ್ದ ಜರಿ ಒಂದೂ ಉಳಿಯಲಿಲ್ಲ.

ರಸ್ತೆ ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. ಕಳೆದ ಮಳೆಗಾಲದಲ್ಲಿ ನಮ್ಮ ಅತ್ತೆಯನ್ನು ಕಂಬಳಿಯಲ್ಲಿ ಹೊತ್ತು ಡಾಂಬರು ರಸ್ತೆ ಮುಟ್ಟಿಸಿದ್ದೇವೆ. ರಸ್ತೆ ಬೇಕು. ಜರಿಯೂ ಉಳಿಯಬೇಕು. ಗಿಡಗಳನ್ನು ಬುಡಸಮೇತ ಎತ್ತಿ ತೋಟದಲ್ಲಿ ನೆಟ್ಟರೆ ಬದುಕುತ್ತವಾ? ಯಾರಾದರೂ ಮಾಡಿ ನೋಡಿದವರು ಇದ್ದರೆ ಹೇಳಿ.

ಟೆರೇಸ್‌ತೋಟ · ನವೆಂಬರ್ 9

ಅಕ್ಕಾ, ನಾನು ಬೆಂಗಳೂರಿನವನು. ಮಹಡಿಯ ಮೇಲೆ ನೆರಳುಬಲೆ ಕಟ್ಟಿ ಜರಿ ಬೆಳೆಸುತ್ತೇನೆ. ಹೇಗೂ ಮಣ್ಣಿನಡಿ ಹೋಗುವ ಗಿಡಗಳಲ್ವಾ? ಒಂದೆರಡು ಚಿಕ್ಕವನ್ನು ನಾನು ಬಂದು ತೆಗೆದುಕೊಂಡು ಹೋಗಲಾ? ಚೆನ್ನಾಗಿ ನೋಡಿಕೊಳ್ಳುತ್ತೇನೆ.

ಸಸ್ಯಪಾಠ · ನವೆಂಬರ್ 10

ದರೆಮನೆಯವರೇ, ದಯವಿಟ್ಟು ಹಾರೆ ಎತ್ತಬೇಡಿ. ನಾನು ಸಸ್ಯಶಾಸ್ತ್ರದ ಪಾಠ ಮಾಡಿ ನಿವೃತ್ತಳಾದವಳು. ಮರಜರಿ ಎತ್ತಿ ನೆಟ್ಟಿದ್ದನ್ನು ನಾಲ್ಕೈದು ಸಲ ನೋಡಿದ್ದೇನೆ. ಒಂದು ವರ್ಷ ದಾಟಿದ್ದು ಒಂದೂ ಇಲ್ಲ.

ಮಾವು, ಹಲಸಿನ ಕೊಂಬೆ ಕಡಿದರೆ ಪಕ್ಕದಲ್ಲಿ ಚಿಗುರುತ್ತದೆ. ಮರಜರಿಗೆ ಸಾಮಾನ್ಯವಾಗಿ ಹಾಗೆ ಚಿಗುರಲು ಬರುವುದಿಲ್ಲ. ಅದರ ಜೀವ ಇರುವುದು ನೆತ್ತಿಯ ಒಂದೇ ಮೊಗ್ಗಿನಲ್ಲಿ. ಅದು ಒಣಗಿದರೆ ಗಿಡ ಮುಗಿಯಿತು. ಕಾಂಡ ಅಂತ ಕಾಣುವುದರಲ್ಲಿ ಮರದಂಥ ತಿರುಳು ಇಲ್ಲ. ಹೊರಗೆ ದಪ್ಪಕ್ಕೆ ಬೇರುಗಳೇ ಸುತ್ತಿಕೊಂಡಿರುತ್ತವೆ. ಆ ಬೇರು ಸದಾ ಒದ್ದೆಯಾಗಿ ಇರಬೇಕು. ಆಸ್ಟ್ರೇಲಿಯಾದ ಡಿಕ್ಸೋನಿಯಾ ಅನ್ನುವ ಮರಜರಿಯನ್ನು ಕಡಿದು ಕೊರಡಿನ ಹಾಗೆ ಮಾರುತ್ತಾರೆ, ಅದು ಮತ್ತೆ ಬೇರು ಬಿಡುತ್ತದೆ. ಆ ವಿಡಿಯೋ ನೋಡಿ ನಮ್ಮ ಗಿಡವೂ ಹಾಗೇ ಅಂದುಕೊಳ್ಳುತ್ತಾರೆ. ನಮ್ಮದು ಬೇರೆ ಕುಲ, ಸಯಾಥಿಯಾ. ಅದಕ್ಕೆ ಆ ಗುಣ ಇಲ್ಲ.

ನಿಮ್ಮ ಗಿಡದ ಎಲೆದಂಟು ಕಪ್ಪಗೆ ಹೊಳೆಯುತ್ತದಾ ನೋಡಿ. ಹಾಗಿದ್ದರೆ ಸಯಾಥಿಯಾ ಜೈಗಾಂಟಿಯಾ ಇರಬಹುದು. ಅದು ಈಶಾನ್ಯ ಭಾರತದಲ್ಲೂ ಇದೆ, ನಮ್ಮ ಘಟ್ಟದಲ್ಲೂ ಇದೆ. ನೀಲಗಿರಿಯ ಹೆಸರಿನ ಇನ್ನೊಂದು ಜಾತಿ ದಕ್ಷಿಣ ಭಾರತದ್ದೇ. ಸಯಾಥಿಯಾ ಕುಲ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ಅಂದರೆ ದೇಶದಿಂದ ದೇಶಕ್ಕೆ ಮಾರಲು ಅನುಮತಿ ಬೇಕು. ಅದು ಪಟ್ಟಿಗೆ ಬರಲು ಕಾರಣ ಇದೆ. ಆರ್ಕಿಡ್ ಬೆಳೆಸುವವರು ಮರಜರಿಯ ಕಾಂಡವನ್ನು ಸೀಳಿ ಹಲಗೆ, ಕಂಬ ಮಾಡಿಕೊಳ್ಳುತ್ತಿದ್ದರು. ಕೈಯಗಲ ಕಂಬಕ್ಕಾಗಿ ಹತ್ತಾರು ವರ್ಷದ ಗಿಡ ಹೋಗುತ್ತಿತ್ತು.

ಇನ್ನೊಂದು ಮಾತು. ಎಲ್ಲರ ಕಣ್ಣೂ ಮರಜರಿಯ ಮೇಲೆ ಬೀಳುತ್ತದೆ. ಮುಂದಿನ ಸಲ ಹಳ್ಳಕ್ಕೆ ಇಳಿದಾಗ ಅದರ ಬುಡದ ಬಂಡೆ ನೋಡಿ. ನೀರು ಸಿಡಿಯುವ ಜಾಗ, ಬಿಸಿಲು ಬೀಳದ ಮಗ್ಗುಲು. ಅಲ್ಲಿ ಪಾಚಿಯ ಹಾಗೆ ಅಂಟಿಕೊಂಡ, ಗಾಜಿನಷ್ಟು ತೆಳುವಾದ ಎಲೆಗಳು ಇವೆಯಾ? ಇದ್ದರೆ ಫೋಟೋ ಹಾಕಿ. ಜಾಗದ ಹೆಸರು ಮಾತ್ರ ಹಾಕಬೇಡಿ.

ಟೆರೇಸ್‌ತೋಟ · ನವೆಂಬರ್ 10

ಮೇಡಂ, ನಿಮ್ಮ ಮಾತು ಓದಿ ನನ್ನ ಪ್ರಶ್ನೆಗೆ ನನಗೇ ಬೇಸರವಾಯಿತು. ಆರು ವರ್ಷದ ಹಿಂದೆ ಚಾರಣಕ್ಕೆ ಹೋದಾಗ ಘಟ್ಟದಿಂದ ಒಂದು ಜರಿ ಕಿತ್ತು ತಂದಿದ್ದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದರೂ ಎರಡು ತಿಂಗಳಲ್ಲಿ ಒಣಗಿತು. ಆಮೇಲೆ ಬೀಜಕದಿಂದ, ಅಂದರೆ ಜರಿಯ ಎಲೆಯಡಿ ಬರುವ ಧೂಳಿನಂಥ ಕಣದಿಂದ, ಬೆಳೆಸುವುದನ್ನು ಕಲಿತೆ. ಈಗ ಗಿಡ ಕೀಳುವುದಿಲ್ಲ. ಆದರೂ ಸಿಗುತ್ತದೆ ಅಂದಾಗ ಕೈ ಮುಂದೆ ಹೋಯಿತು. ಕ್ಷಮಿಸಿ ಅಕ್ಕಾ.

ದರೆಮನೆ · ನವೆಂಬರ್ 12

ಇದರಲ್ಲಿ ಕ್ಷಮೆ ಯಾಕೆ ತಮ್ಮಾ? ಮೊದಲು ಗುದ್ದಲಿ ಹಿಡಿಯಲು ಹೊರಟವಳು ನಾನೇ.

ಮೇಡಂ, ಇವತ್ತು ಇಳಿದು ನೋಡಿದೆ. ಎಲೆದಂಟು ಕಪ್ಪು, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ. ಬಂಡೆಯ ಮೇಲೆ ನೀವು ಹೇಳಿದ ಹಾಗೇ ಇದೆ! ಅಂಗೈಯಷ್ಟು ಜಾಗದಲ್ಲಿ ನೂರಾರು ಎಲೆ. ಬೆಳಕಿಗೆ ಹಿಡಿದರೆ ಆಚೆ ಕಡೆಯ ಬೆರಳು ಕಾಣುತ್ತದೆ. ಇಷ್ಟು ವರ್ಷ ಅದನ್ನು ಪಾಚಿ ಅಂದುಕೊಂಡು ಅದರ ಮೇಲೇ ಕಾಲಿಟ್ಟು ಬಟ್ಟೆ ತೊಳೆದಿದ್ದೇವೆ. ಫೋಟೋ ಹಾಕಿದ್ದೇನೆ.

ಇನ್ನೊಂದು ಕೇಳಬೇಕಿತ್ತು. ಚಿಕ್ಕವರಿದ್ದಾಗ ಒಂದು ಜರಿಯ ಎಲೆಯನ್ನು ಕೈಮೇಲೆ ಇಟ್ಟು ಹೊಡೆಯುತ್ತಿದ್ದೆವು. ಬಿಳಿ ಅಚ್ಚು ಬೀಳುತ್ತಿತ್ತು, ಮದರಂಗಿಯ ಹಾಗೆ. ಅದೂ ಹಳ್ಳದ ಹತ್ತಿರ ಬೇಕಾದಷ್ಟಿದೆ. ಅದೂ ಅಪರೂಪದ್ದಾ?

ಸಸ್ಯಪಾಠ · ನವೆಂಬರ್ 12

ಫೋಟೋ ನೋಡಿ ತುಂಬಾ ಖುಷಿಯಾಯಿತು. ಅದು ಹೈಮೆನೋಫಿಲೇಸಿ ಕುಟುಂಬದ್ದು. ನಾನು ಮಕ್ಕಳಿಗೆ ಪೊರೆಜರಿ ಅಂತ ಹೇಳಿಕೊಡುತ್ತಿದ್ದೆ. ಯಾವ ಜಾತಿ ಅಂತ ಫೋಟೋದಲ್ಲಿ ಹೇಳಲಾಗದು, ಸೂಕ್ಷ್ಮದರ್ಶಕ ಬೇಕು.

ಅದರ ಎಲೆ, ನರ ಬಿಟ್ಟರೆ, ಒಂದೇ ಜೀವಕೋಶದಷ್ಟು ದಪ್ಪ. ಬೇರೆ ಗಿಡದ ಎಲೆಯ ಮೇಲೆ ಮೇಣದಂಥ ಹೊದಿಕೆ ಇರುತ್ತದೆ, ನೀರು ಆರದಿರಲಿ ಅಂತ. ಇದಕ್ಕೆ ಅದು ಇಲ್ಲವೆನ್ನುವಷ್ಟು ತೆಳು. ಉಸಿರಾಡುವ ರಂಧ್ರವೂ ಇಲ್ಲ. ಗಾಳಿಯಲ್ಲಿ ಒದ್ದೆ ಇರುವಷ್ಟು ದಿನ ಅದಕ್ಕೆ ಸುಖ. ಮೇಲಿನ ಮರ ಒಂದು ಉರುಳಿ, ಮಧ್ಯಾಹ್ನದ ಬಿಸಿಲು ಎರಡು ಗಂಟೆ ಬಿದ್ದರೆ ಸಾಕು, ಆ ಗುಂಪೆಲ್ಲ ಸುರುಟಿಕೊಳ್ಳುತ್ತದೆ. ಬಂಡೆಯ ಮೇಲೆ ಕೆಸರು ಕೂತರೂ ಅಷ್ಟೇ. ಹಾಗಾಗಿ ನಿಮ್ಮ ಹಳ್ಳದಲ್ಲಿ ಮೊದಲು ಸಾಯುವುದು ಮರಜರಿ ಅಲ್ಲ, ಇದು. ಕಣ್ಣಿಗೆ ಬೀಳದೆ ಹೋಗುತ್ತದೆ.

ಬಿಳಿ ಅಚ್ಚಿನದು ಪಿಟಿರೋಗ್ರಾಮಾ. ಅದು ಅಮೆರಿಕ ಖಂಡದಿಂದ ಬಂದು ನಮ್ಮಲ್ಲಿ ನೆಲೆಯಾದದ್ದು. ಕಡಿದ ದರೆ, ಬೋಳು ಮಣ್ಣು ಕಂಡರೆ ಮೊದಲು ಬರುವುದು ಅದೇ. ಮಕ್ಕಳು ಆಡಿಕೊಳ್ಳಲಿ, ತೊಂದರೆ ಇಲ್ಲ. ಆದರೆ ರಸ್ತೆ ಕಡಿದ ಮೇಲೆ ದರೆ ತುಂಬಾ ಅದು ಹಬ್ಬಿದ್ದನ್ನು ತೋರಿಸಿ, ನೋಡಿ ಜರಿ ವಾಪಸು ಬಂತು ಅನ್ನುತ್ತಾರಲ್ಲ, ಅದು ಸರಿಯಲ್ಲ. ಹೋದದ್ದು ಒಂದು, ಬಂದದ್ದು ಇನ್ನೊಂದು.

ಕಾಫಿಕಣಿವೆ · ನವೆಂಬರ್ 13

ಕೊಡಗಿನಿಂದ ಬರೆಯುತ್ತಿದ್ದೇನೆ. ಮೇಡಂ ಹೇಳಿದ್ದು ಸರಿ. ಆದರೆ ಕಿತ್ತರೆ ಪಾಪ, ಮುಟ್ಟಿದರೆ ಪಾಪ ಅಂತ ಹಳ್ಳಿಯವರಿಗೆ ಹೇಳಿದರೆ ಆಗುವುದಿಲ್ಲ. ನಮ್ಮಲ್ಲಿ ಮಳೆಗಾಲ ಬಂದರೆ ತೆರ್ಮೆ ತೊಪ್ಪು ತಿನ್ನದ ಮನೆ ಇಲ್ಲ. ತೋಡಿನ ಬದಿಯಲ್ಲಿ ಸುರುಳಿ ಸುತ್ತಿದ ಎಳೆ ಚಿಗುರು ಕೊಯ್ದು ಪಲ್ಯ ಮಾಡುತ್ತೇವೆ. ಅದೂ ಜರಿಯೇ. ನಮ್ಮ ಅವ್ವ ಒಂದು ಬುಡದಲ್ಲಿ ಎರಡು ಚಿಗುರು ಬಿಟ್ಟೇ ಕೊಯ್ಯುತ್ತಿದ್ದರು. ಅದಕ್ಕೇ ಈ ವರ್ಷವೂ ಅದೇ ತೋಡಿನಲ್ಲಿ ಸಿಕ್ಕಿದೆ. ಬಳಸುವವರು ಇದ್ದರೆ ಕಾಯುವವರೂ ಇರುತ್ತಾರೆ ಅಂತ ನನ್ನ ಅನಿಸಿಕೆ.

(ಗೊತ್ತಿಲ್ಲದವರು ಸಿಕ್ಕ ಸಿಕ್ಕ ಜರಿಯ ಚಿಗುರನ್ನು ತಿನ್ನಬೇಡಿ. ಬ್ರೇಕನ್ ಅನ್ನುವ ಜರಿಯಲ್ಲಿ ಕ್ಯಾನ್ಸರ್ ತರುವ ವಿಷ ಇದೆ. ಗೊತ್ತಿದ್ದವರ ಜೊತೆ ಹೋಗಿ ಕೊಯ್ಯಿರಿ.)

ನಮ್ಮ ತೋಟದ ಕಥೆ ಹೇಳುತ್ತೇನೆ. ನಮ್ಮ ಹಳೆಯ ಹಲಸು, ಅತ್ತಿ, ಬಳಂಜಿ ಮರಗಳ ಮೇಲೆ ಹಸಿರು ಹುರಿಯ ಹಾಗೆ ಜೋತುಬೀಳುವ ಒಂದು ಗಿಡ ಇತ್ತು. ತುದಿ ಕವಲೊಡೆದು ಕುಚ್ಚಿನ ಹಾಗೆ ಇರುತ್ತಿತ್ತು. 20 ವರ್ಷದ ಹಿಂದೆ ಮರಗಸಿ, ಅಂದರೆ ನೆರಳುಮರದ ಕೊಂಬೆ ಕಡಿಯುವುದು, ಜಾಸ್ತಿ ಮಾಡಿಸಿದೆವು. ಎಷ್ಟೋ ಮರ ತೆಗೆಸಿ ಸಿಲ್ವರ್ ಓಕ್ ಮರ ಹಾಕಿದೆವು, ಕಾಳುಮೆಣಸು ಹಬ್ಬಿಸಲು ಸುಲಭ ಅಂತ. ಮೆಣಸಿನ ಬಳ್ಳಿಗೆ ಅಡ್ಡ ಅಂತ ಕಾಂಡದ ಪಾಚಿಯನ್ನೂ ಕೆರೆಸಿದೆವು. ಈಗ ಆ ಗಿಡ ಉಳಿದಿರುವುದು ಒಂದೇ ಹಲಸಿನ ಮೇಲೆ. ಸಿಲ್ವರ್ ಮರದ ಮೇಲೆ ಇಷ್ಟು ವರ್ಷದಲ್ಲಿ ಒಂದೂ ಬಂದಿಲ್ಲ. ಇದನ್ನು ಮತ್ತೆ ಬೆಳೆಸಲು ದಾರಿ ಇದೆಯಾ?

ಸಸ್ಯಪಾಠ · ನವೆಂಬರ್ 13

ಬಳಸುವವರ ಮಾತು ಒಪ್ಪುತ್ತೇನೆ. ಆದರೆ ತೆರ್ಮೆಯಂತೆ ಬೇಗ ಹಬ್ಬುವ ಗಿಡಕ್ಕೆ ಮಾತ್ರ ಅದು ಸರಿ. ಮೊಣಕಾಲೆತ್ತರ ಬರಲು ವರ್ಷಗಟ್ಟಲೆ ಬೇಕಾದ ಗಿಡಕ್ಕೆ ಆ ಲೆಕ್ಕ ಹಿಡಿಯುವುದಿಲ್ಲ. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಮುಡವಾಟ್ಟುಕಾಲ್ ಅಂತ ಒಂದು ಜರಿಯ ಗಡ್ಡೆ ಮಾರುತ್ತಾರೆ, ಸೂಪಿಗೆ. ಕುರಿಯ ಕಾಲಿನ ಹಾಗೆ ರೋಮ ಇರುತ್ತದೆ. ಅಲ್ಲಿ ಕೊಯ್ಯುವುದು ಚಿಗುರಲ್ಲ, ಗಡ್ಡೆಯನ್ನೇ. ಚಿಗುರು ಕೊಯ್ದರೆ ಬುಡ ಉಳಿಯುತ್ತದೆ. ಗಡ್ಡೆ ತೆಗೆದರೆ ಏನು ಉಳಿಯುತ್ತದೆ?

ನಿಮ್ಮ ಹಲಸಿನ ಮೇಲಿರುವುದು ಫ್ಲೆಗ್ಮಾರಿಯೂರಸ್. ಹಿಂದೆ ಹುಪರ್ಜಿಯಾ ಅನ್ನುತ್ತಿದ್ದರು. ಅದು ನಿಜವಾದ ಜರಿಯೂ ಅಲ್ಲ, ಜರಿಗಿಂತ ಹಳೆಯ ಲೈಕೋಫೈಟ್ ಗುಂಪಿನದು. ಅದನ್ನು ಬೀಜಕದಿಂದ ಬೆಳೆಸುವುದು ತುಂಬಾ ಕಷ್ಟ. ಬೀಜಕ ಮೊಳೆತ ಮೇಲೆ ಹುಟ್ಟುವ ಎಳೆಯ ಹಂತ ಹಳೆಯ ತೊಗಟೆಯ ಸಂದಿನಲ್ಲಿ, ಕೊಳೆತ ಪಾಚಿಯ ಒಳಗೆ, ಶಿಲೀಂಧ್ರದ ಆಸರೆಯಲ್ಲಿ ಬದುಕುತ್ತದೆ. ಗಿಡವಾಗಿ ಹೊರಗೆ ಕಾಣಲು ಎಷ್ಟೋ ವರ್ಷ. ಹಳೆಯ ಒರಟು ತೊಗಟೆ, ಅದರ ಮೇಲೆ ಪಾಚಿ, ಪಾಚಿಯಲ್ಲಿ ಶಿಲೀಂಧ್ರ. ಇಷ್ಟೂ ಬೇಕು. ಹೊಸ ಸಿಲ್ವರ್ ಮರದಲ್ಲಿ ಅದ್ಯಾವುದೂ ಇಲ್ಲ. ಆ ಹಲಸನ್ನು ಹಾಗೇ ಉಳಿಸಿ, ಅದರ ಪಕ್ಕದ ಎರಡು ಕಾಡುಮರಗಳ ಕಾಂಡ ಕೆರೆಸಬೇಡಿ. ಸದ್ಯಕ್ಕೆ ಅದೇ ದೊಡ್ಡ ಕೆಲಸ.

ವಯನಾಡಿನ ಪೆರಿಯಾದಲ್ಲಿ 1981ರಲ್ಲಿ ವೋಲ್ಫ್‌ಗ್ಯಾಂಗ್ ಥಾಯರ್‌ಕಾಫ್ ಅವರು ಶುರು ಮಾಡಿದ ಗುರುಕುಲ ಸಸ್ಯಧಾಮ ಇದೆ. ನಿಮಗೆ ದೂರ ಏನಲ್ಲ. ಕಾಡು ಕಡಿದ ಜಾಗಗಳಿಂದ ಅನಾಥವಾದ ಗಿಡಗಳನ್ನು ತಂದು ಬದುಕಿಸುವುದು ಅವರ ಕೆಲಸ. ಜರಿಗಳನ್ನೂ ಹಾಗೇ ಉಳಿಸಿದ್ದಾರೆ. ಕುಂಡಕ್ಕಿಂತ ಹೆಚ್ಚಾಗಿ ಸುತ್ತಲಿನ ಕಾಡನ್ನೇ ಬೆಳೆಯಲು ಬಿಟ್ಟಿದ್ದು ಅವರ ಗುಟ್ಟು ಅಂತ ನನಗನಿಸುತ್ತದೆ.

ಬೀಟ್‌ನಡಿಗೆ · ನವೆಂಬರ್ 15

ನಾನು ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿದ್ದವನು. ದರೆಮನೆಯವರ ರಸ್ತೆ ವಿಷಯಕ್ಕೆ ಬರುತ್ತೇನೆ, ಜನವರಿ ದೂರ ಇಲ್ಲ.

ಮೊದಲು ಆ ದಂಡೆ ಯಾರದು ಅಂತ ಪಹಣಿ ತೆಗೆಸಿ ನೋಡಿ. ಸೊಪ್ಪಿನಬೆಟ್ಟ ಆಗಿದ್ದರೆ ಸೊಪ್ಪು ತರುವ ಸವಲತ್ತು ನಿಮಗಿದೆ, ನೆಲ ಸರ್ಕಾರದ್ದು. ಅರಣ್ಯ ಅಂತ ಇದ್ದರೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಬರುತ್ತದೆ. ಅಲ್ಲಿ ಗಿಡ ಕೀಳುವುದು ಅಪರಾಧ, ಮಣ್ಣು ಸುರಿಯಲೂ ಸುಮ್ನೆ ಬಿಡುವುದಿಲ್ಲ.

ರಸ್ತೆ ನಿಲ್ಲಿಸಿ ಅಂತ ಅರ್ಜಿ ಬರೆಯಬೇಡಿ. ಊರಿನವರು ನಿಮ್ಮ ವಿರುದ್ಧ ನಿಲ್ಲುತ್ತಾರೆ, ಕೆಲಸವೂ ಆಗುವುದಿಲ್ಲ. ಮೂರೇ ಮಾತು ಕೇಳಿ. ಕಡಿದ ಮಣ್ಣನ್ನು ಹಳ್ಳಕ್ಕೆ ತಳ್ಳಬಾರದು, ಟಿಪ್ಪರಿನಲ್ಲಿ ಬೇರೆ ಕಡೆ ಸಾಗಿಸಬೇಕು. ಅಗಲ ಮಾಡುವುದಿದ್ದರೆ ಹಳ್ಳದ ಕಡೆ ಬೇಡ, ಮೇಲಿನ ದರೆಯ ಕಡೆ ಮಾಡಬೇಕು. ನೀರು ದಾಟುವಲ್ಲಿ ಸಣ್ಣ ಪೈಪು ಬೇಡ, ಅಗಲದ ಮೋರಿ ಬೇಕು. ಎಂಜಿನಿಯರಿಗೆ ಈ ಭಾಷೆ ಅರ್ಥ ಆಗುತ್ತದೆ. ಅಪರೂಪದ ಸಸ್ಯ ಅಂದರೆ ಕೆಲವರು ನಗುತ್ತಾರೆ. ಮಣ್ಣು ಕುಸಿದು ರಸ್ತೆ ಕೊಚ್ಚಿ ಹೋಗುತ್ತದೆ ಅಂದರೆ ಕಿವಿ ಕೊಡುತ್ತಾರೆ. ಎರಡೂ ನಿಜವೇ ತಾನೆ.

ಜಾಗದ ಹೆಸರು ಹಾಕಬೇಡಿ ಅಂತ ಮೇಡಂ ಹೇಳಿದ್ದು ಸರಿ. ಆದರೆ ಇಲಾಖೆಗೂ ಹೇಳದೆ ಗುಟ್ಟಾಗಿಟ್ಟರೆ ಜೆಸಿಬಿ ಬಂದ ದಿನ ಯಾರಿಗೂ ಗೊತ್ತಿರುವುದಿಲ್ಲ. ನಾನು ಕಾಯುತ್ತಿದ್ದ ಬೀಟಿನಲ್ಲೂ ಒಂದು ಒಳ್ಳೆಯ ಜಾಗ ಹಾಗೇ ಹೋಯಿತು. ನನಗೆ ಗೊತ್ತಿದ್ದೂ ನಾನು ಬರೆದಿಡಲಿಲ್ಲ. ಇವತ್ತಿಗೂ ಆ ತಿರುವು ಬಂದರೆ ಮನಸ್ಸಿಗೆ ಕಷ್ಟವಾಗುತ್ತದೆ.

ಸಸ್ಯಪಾಠ · ನವೆಂಬರ್ 15

ಬೀಟ್‌ನಡಿಗೆಯವರ ಮಾತಿಗೆ ತಲೆಬಾಗುತ್ತೇನೆ. ಅಂತರ್ಜಾಲದಲ್ಲಿ ಗುಟ್ಟು, ದಾಖಲೆಯಲ್ಲಿ ಬಯಲು. ಹೀಗೆ ಎರಡೂ ಆಗಬೇಕು.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಸಸ್ಯ, ಪ್ರಾಣಿ, ತಳಿಗಳನ್ನು ಬರೆದಿಡುವ ದಾಖಲೆ ಪುಸ್ತಕವನ್ನು ಆ ಸಮಿತಿ ಮಾಡಬೇಕು. ನಿಮ್ಮ ಊರಿನ ಪುಸ್ತಕದಲ್ಲಿ ಜರಿ ಒಂದಾದರೂ ಇದೆಯಾ ನೋಡಿ. ನಾನು ನೋಡಿದ ಪುಸ್ತಕಗಳಲ್ಲಿ ಮಾವು, ಭತ್ತ, ಔಷಧಿ ಗಿಡ ಇದ್ದವು. ಜರಿ ಇರಲಿಲ್ಲ. ಹೂವಿಲ್ಲ, ಕಾಯಿಲ್ಲ ಅಂತ ಯಾರೂ ಲೆಕ್ಕಕ್ಕೇ ಹಿಡಿದಿಲ್ಲ. 1860ರ ದಶಕದಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿ ಬೆಡ್ಡೋಮ್ ದಕ್ಷಿಣ ಭಾರತದ ಜರಿಗಳ ಚಿತ್ರಪುಸ್ತಕವನ್ನೇ ಮಾಡಿದ್ದ. 1992ರಲ್ಲಿ ಪಾಳಯಂಕೋಟೆಯ ಮಾಣಿಕ್ಕಂ ಮತ್ತು ಇರುದಯರಾಜ್ ಪಶ್ಚಿಮ ಘಟ್ಟದ ಜರಿಗಳ ದೊಡ್ಡ ಗ್ರಂಥ ತಂದರು. ಬರೆದವರು ಇದ್ದಾರೆ. ಅದು ಪಂಚಾಯಿತಿಯ ಪುಸ್ತಕಕ್ಕೆ ಇಳಿದಿಲ್ಲ.

ಗಿಡ, ಪ್ರಾಣಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣದಲ್ಲಿ ಫೋಟೋ ಹಾಕುವವರು ಸ್ಥಳವನ್ನು ಮಸುಕು ಮಾಡುವ ಆಯ್ಕೆ ಒತ್ತಿ. ಆಗ ನಕ್ಷೆಯಲ್ಲಿ ನಿಖರ ಜಾಗ ಕಾಣುವುದಿಲ್ಲ.

ಪಾದೆಯೂರು · ನವೆಂಬರ್ 17

ಉಡುಪಿ ಕಡೆಯವನು. ಜರಿ ಅಂದರೆ ಕಾಡು, ಹಳ್ಳ, ನೆರಳು ಅಂತಲೇ ಮಾತಾಡುತ್ತಿದ್ದೀರಿ. ನಮ್ಮ ಬೋಳು ಪಾದೆಯನ್ನೂ, ಅಂದರೆ ಕೆಂಪು ಕಲ್ಲಿನ ಬಯಲನ್ನೂ, ಸ್ವಲ್ಪ ನೋಡಿ.

ಬೇಸಿಗೆಯಲ್ಲಿ ಪಾದೆ ಕಾದ ಕಾವಲಿ. ಒಂದು ಹುಲ್ಲೂ ಇಲ್ಲ. ಮೊದಲ ಮಳೆ ಬಿದ್ದು ವಾರ ಕಳೆಯಲಿ, ಮುರಕಲ್ಲಿನ ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಅದರಲ್ಲಿ ಈರುಳ್ಳಿ ಸಸಿಯಂಥದ್ದು ಏಳುತ್ತದೆ. ಎಲ್ಲರೂ ಹುಲ್ಲು ಅಂದುಕೊಳ್ಳುತ್ತಾರೆ. ಕಿತ್ತು ಬುಡ ನೋಡಿದರೆ ಎಲೆಯ ಬುಡದಲ್ಲೇ ಬೀಜಕದ ಚೀಲ. ಅದು ಐಸೋಯಿಟಿಸ್. ಲೈಕೋಫೈಟ್ ಗುಂಪಿನದೇ. ಸುಮಾರು 30 ಕೋಟಿ ವರ್ಷದ ಹಿಂದೆ ಕಲ್ಲಿದ್ದಲಾದ ಕಾಡುಗಳಲ್ಲಿ ತಾಳೆಮರದಷ್ಟು ಎತ್ತರಕ್ಕೆ ನಿಂತಿದ್ದ ಲೆಪಿಡೋಡೆಂಡ್ರಾನ್ ಮರಗಳ ಹತ್ತಿರದ ನೆಂಟ ಇದು. ಈಗ ಗೇಣುದ್ದ. ಇದರಲ್ಲಿ ಒಂದು ಜಾತಿಗೆ ಉಡುಪಿಯ ಹೆಸರೇ ಇದೆ, ಐಸೋಯಿಟಿಸ್ ಉಡುಪಿಯೆನ್ಸಿಸ್. ನಮ್ಮ ಊರಿನ ಹೆಸರು ಹೊತ್ತ ಗಿಡ ನಮ್ಮ ಊರಿನವರಿಗೇ ಗೊತ್ತಿಲ್ಲ. ನನಗೂ 40 ದಾಟಿದ ಮೇಲೆ ಗೊತ್ತಾದದ್ದು.

ಅದೇ ಪಾದೆಯಲ್ಲಿ ಒಂದೇ ಎಲೆ, ಒಂದೇ ಕಡ್ಡಿ ಇರುವ ಒಫಿಯೋಗ್ಲಾಸಮ್ ಬರುತ್ತದೆ. ಹಾವಿನ ನಾಲಿಗೆ ಅಂತ ಆ ಹೆಸರಿನ ಅರ್ಥ. ಬೆರಳುದ್ದದ ಗಿಡ. ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತು, ಇದರ ಒಂದು ಜಾತಿಯಲ್ಲಿ 1,200ಕ್ಕೂ ಹೆಚ್ಚು. ಸಸ್ಯಗಳಲ್ಲಿ, ಪ್ರಾಣಿಗಳಲ್ಲಿ ಎಲ್ಲಿ ಹುಡುಕಿದರೂ ಅದರಷ್ಟು ಇಲ್ಲ.

ಪಾದೆಗೆ ಬಂಜರು ಅಂತ ಹೆಸರು. ಹಾಗಾಗಿ ಯಾರೂ ಅಳುವುದಿಲ್ಲ. ಕಲ್ಲುಕೋರೆ ಬರುತ್ತದೆ, ಲೇಔಟ್ ಬರುತ್ತದೆ, ಲೋಡುಗಟ್ಟಲೆ ಮಣ್ಣು ಹಾಕಿ ಸಮ ಮಾಡುತ್ತಾರೆ. ನಾನು ಓದಿದ ಶಾಲೆಯ ಹಿಂದಿನ ಪಾದೆ ಈಗ ಪೂರ್ತಿ ಕೋರೆ. ನೀರು ನಿಲ್ಲುತ್ತಿದ್ದ ತಗ್ಗು 12 ಇದ್ದವು, ಉಳಿದದ್ದು 2. ಒಂದು ಮರ ಕಡಿದರೆ ಪ್ರತಿಭಟನೆ ಆಗುತ್ತದೆ. ಒಂದು ಪಾದೆ ಅಗೆದರೆ ಯಾರೂ ಬರುವುದಿಲ್ಲ. ಇದು ನನಗೆ ತುಂಬಾ ಸಂಕಟ ಕೊಡುವ ವಿಷಯ.

ದರೆಮನೆ · ನವೆಂಬರ್ 18

ಪಾದೆಯೂರಿನವರೇ, ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ಆ ಎರಡು ತಗ್ಗಿನ ಫೋಟೋ ಮಳೆಗಾಲದಲ್ಲಿ ಹಾಕಿ. ನೀವೂ ಪಂಚಾಯಿತಿಯ ಪುಸ್ತಕಕ್ಕೆ ಬರೆಸಿ.

ನಾನು ಅರ್ಜಿ ಬರೆದಿದ್ದೇನೆ. ಮೂರೇ ಮಾತು. ಊರಿನ 14 ಮನೆಯವರ ಸಹಿ ಹಾಕಿಸಿದೆ. ಮರಜರಿಗೆ ಅಂತ ಯಾರೂ ಹಾಕಲಿಲ್ಲ. ಹಳ್ಳ ಹೂತರೆ ತೋಟಕ್ಕೆ ನೀರಿಲ್ಲ ಅಂದೆ, ಹಾಕಿದರು.

ಟೆರೇಸ್‌ತೋಟ ತಮ್ಮಾ, ಬೀಜಕದಿಂದ ಬೆಳೆಸುವುದು ಹೇಗೆ ಅಂತ ನನ್ನಂಥವಳಿಗೆ ಅರ್ಥವಾಗುವ ಹಾಗೆ ಹೇಳು. ಎಲೆ ಅಡಿಯಲ್ಲಿ ಕಂದು ಚುಕ್ಕಿ ಸಾಲಾಗಿ ಬಂದಿವೆ. ಮುಟ್ಟಿದರೆ ಕೈಗೆ ಪುಡಿ ಹತ್ತುತ್ತದೆ.

ಟೆರೇಸ್‌ತೋಟ · ನವೆಂಬರ್ 18

ಪುಡಿ ಹತ್ತುತ್ತಿದ್ದರೆ ಸರಿಯಾದ ಸಮಯ ಅಕ್ಕಾ. ಪೂರ್ತಿ ಎಲೆ ಬೇಡ. ಬೆರಳುದ್ದದ ತುಂಡು ಸಾಕು. ಆದರೆ ಒಂದೇ ಗಿಡದಿಂದ ತೆಗೆಯಬೇಡಿ. ಆರೇಳು ಗಿಡದಿಂದ ಒಂದೊಂದು ತುಂಡು ತೆಗೆಯಿರಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ತುಂಡನ್ನು ಬಿಳಿ ಕಾಗದದ ಮಡಿಕೆಯಲ್ಲಿ ಇಟ್ಟು, ಒಣ ಜಾಗದಲ್ಲಿ ಎರಡು ದಿನ ಬಿಡಿ. ಬಿಚ್ಚಿದರೆ ಕಾಫಿಪುಡಿಯ ಹಾಗೆ ಉದುರಿರುತ್ತದೆ. ಕಾಗದವನ್ನು ಓರೆ ಮಾಡಿ ಮೆಲ್ಲಗೆ ತಟ್ಟಿ. ಸಿಪ್ಪೆ ಜಾರಿ ಹೋಗುತ್ತದೆ, ನಯವಾದ ಧೂಳು ಕಾಗದಕ್ಕೆ ಅಂಟಿಕೊಳ್ಳುತ್ತದೆ. ಆ ಧೂಳೇ ಬೀಜಕ.

ಮುಚ್ಚಳ ಇರುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬ ತೆಗೆದುಕೊಳ್ಳಿ. ನಾನು ಇಟ್ಟಿಗೆ ಪುಡಿ ಮತ್ತು ತೆಂಗಿನ ನಾರಿನ ಪುಡಿ ಸಮ ಹಾಕುತ್ತೇನೆ. ಕುದಿಯುವ ನೀರು ಹುಯ್ದು, ಮುಚ್ಚಿ, ತಣ್ಣಗಾಗಲು ಬಿಡಿ. ಇದನ್ನು ಬಿಟ್ಟರೆ ಬೂಸು ಬಂದು ಎಲ್ಲ ಹಾಳು. ತಣ್ಣಗಾದ ಮೇಲೆ ಬೀಜಕವನ್ನು ಮೇಲೆ ಉದುರಿಸಿ. ಚಿಟಿಕೆಗಿಂತ ಕಮ್ಮಿ. ಮಣ್ಣು ಮುಚ್ಚಬೇಡಿ, ಅದಕ್ಕೆ ಬೆಳಕು ಬೇಕು. ಡಬ್ಬ ಮುಚ್ಚಿ ಬಿಸಿಲು ಬೀಳದ ಕಿಟಕಿಯಲ್ಲಿ ಇಡಿ.

ಮೂರರಿಂದ ಆರು ವಾರದಲ್ಲಿ ಹಸಿರು ಪೊರೆ ಕಟ್ಟುತ್ತದೆ. ಎರಡು ಮೂರು ತಿಂಗಳಿಗೆ ಹೃದಯದ ಆಕಾರದ ಉಗುರಿನಷ್ಟು ಚಿಕ್ಕ ಹಾಳೆಗಳು ಬರುತ್ತವೆ. ಪ್ರೋಥ್ಯಾಲಸ್ ಅನ್ನುತ್ತಾರೆ. ಗಂಡು ಹೆಣ್ಣು ಎಲ್ಲ ಅಲ್ಲೇ. ಗಂಡಿನ ಕಣ ಹೆಣ್ಣಿನ ಕಣದ ಹತ್ತಿರ ಈಜಿಕೊಂಡು ಹೋಗಬೇಕು. ಅದಕ್ಕೆ ನೀರಿನ ತೆಳು ಪದರ ಬೇಕು. ಕುದಿಸಿ ಆರಿಸಿದ ನೀರನ್ನು ವಾರಕ್ಕೊಮ್ಮೆ ಸಣ್ಣಗೆ ಸಿಂಪಡಿಸಿ.

ಈಗ ಆರೇಳು ಗಿಡ ಯಾಕೆ ಅಂದೆ ಅಂದರೆ, ಒಂದೇ ಹಾಳೆಯ ಗಂಡು ಹೆಣ್ಣು ಕೂಡಿದರೆ ಹುಟ್ಟುವ ಗಿಡದಲ್ಲಿ ಎರಡು ಕಡೆಯ ವಂಶವಾಹಿಯೂ ಒಂದೇ. ಒಳಗಿದ್ದ ದೋಷವೆಲ್ಲ ಹೊರಗೆ ಬರುತ್ತದೆ. ಬೇರೆ ಬೇರೆ ಗಿಡದ ಬೀಜಕ ಹತ್ತಿರ ಹತ್ತಿರ ಬಿದ್ದರೆ ಕೂಡಿಕೆ ಚೆನ್ನಾಗಿ ಆಗುತ್ತದೆ.

ಪೊರೆಜರಿಗೆ ಇದನ್ನು ಮಾಡಲು ಹೋಗಬೇಡಿ. ಅದರ ಬೀಜಕ ಹಸಿರು. ಕೆಲವೇ ದಿನಗಳಲ್ಲಿ ಸಾಯುತ್ತದೆ. ನನ್ನಿಂದ ಇವತ್ತಿನವರೆಗೂ ಆಗಿಲ್ಲ.

ದೂರದೂರು · ನವೆಂಬರ್ 21

ಇಂಗ್ಲೆಂಡಿನಲ್ಲಿ ಇರುವ ಕನ್ನಡಿಗ. ದಿನಾ ಓದುತ್ತಿದ್ದೇನೆ.

ಇಲ್ಲಿ 19ನೇ ಶತಮಾನದಲ್ಲಿ ಜರಿ ಹುಚ್ಚು ಹಿಡಿದಿತ್ತು. ಅದಕ್ಕೆ ಟೆರಿಡೋಮೇನಿಯಾ ಅಂತ 1855ರಲ್ಲಿ ಹೆಸರೂ ಕೊಟ್ಟರು. ಮನೆಮನೆಯಲ್ಲಿ ಗಾಜಿನ ಪೆಟ್ಟಿಗೆ. ಅದಕ್ಕೆ ಕಾಡಿನಿಂದ ಗೋಣಿಗಟ್ಟಲೆ ಜರಿ ಕಿತ್ತರು. ಕಿಲಾರ್ನಿ ಜರಿ ಅನ್ನುವುದು ಹೆಚ್ಚುಕಮ್ಮಿ ಮುಗಿದೇ ಹೋಯಿತು. ದರೆಮನೆ ಅಕ್ಕನ ಬಂಡೆಯ ಪೊರೆಜರಿಯ ಕುಟುಂಬದ್ದೇ ಅದು. ಬಹಳ ವರ್ಷದ ನಂತರ ಗೊತ್ತಾದದ್ದು ಏನು ಅಂದರೆ, ಗಿಡ ಹೋದರೂ ಅದರ ಎಳೆಯ ಹಂತ ಬಂಡೆಯ ಬಿರುಕುಗಳಲ್ಲಿ ಹಸಿರು ನಾರಿನ ಹಾಗೆ ಎಷ್ಟೋ ಕಡೆ ಉಳಿದಿತ್ತು. ಅದೇ ಹರಡಿಕೊಂಡು ಬದುಕುತ್ತಿದೆ. ಬಂಡೆ ಉಳಿದದ್ದಕ್ಕೆ ಅಷ್ಟಾದರೂ ಉಳಿಯಿತು.

ಇನ್ನೊಂದು ಅಟ್ಲಾಂಟಿಕ್ ಸಾಗರದ ಅಸೆನ್ಷನ್ ದ್ವೀಪದ್ದು. ಅಲ್ಲಿನ ಒಂದು ಪುಟ್ಟ ಜರಿ ಭೂಮಿಯಿಂದಲೇ ಹೋಯಿತು ಅಂದುಕೊಂಡಿದ್ದರು. 2009ರಲ್ಲಿ ಗ್ರೀನ್ ಮೌಂಟನ್ ಬೆಟ್ಟದ ಕಡಿದಾದ ಇಳಿಜಾರಿನಲ್ಲಿ 4 ಗಿಡ ಸಿಕ್ಕವು. ಬೀಜಕ ಬರುವವರೆಗೆ ಅವನ್ನು ಅಲ್ಲೇ ನೀರು ಹಾಕಿ ಕಾದರು. ಆಮೇಲೆ ಬೀಜಕ ಇರುವ ತುಂಡನ್ನು ವಿಮಾನದಲ್ಲಿ ಇಲ್ಲಿನ ಕ್ಯೂ ಸಸ್ಯೋದ್ಯಾನಕ್ಕೆ ತಂದು ಪ್ರಯೋಗಾಲಯದಲ್ಲಿ ಬೆಳೆಸಿದರು. ನಾಲ್ಕು ಗಿಡ ಸಿಕ್ಕಾಗಲೂ ಅವರು ಕೀಳಲಿಲ್ಲ ಅನ್ನುವುದು ನನಗೆ ದೊಡ್ಡದಾಗಿ ಕಾಣುತ್ತದೆ.

ಕಾಫಿಕಣಿವೆ · ಡಿಸೆಂಬರ್ 2

ನಮ್ಮ ತೋಟದಲ್ಲಿ ಈ ಸಲದ ಮರಗಸಿಗೆ ಮೊದಲು ಹಲಸು ಮತ್ತು ಸುತ್ತಲಿನ ಐದು ಮರಕ್ಕೆ ಸುಣ್ಣದ ಪಟ್ಟೆ ಬಳಿಸಿದೆ. ಕೆಲಸದವರಿಗೆ ಈ ಮರ ಮುಟ್ಟಬೇಡಿ ಅಂದೆ. ಹಿರಿಯ ಕೆಲಸಗಾರರೊಬ್ಬರು ಆ ಕುಚ್ಚು ಇನ್ನೊಂದು ಕಡೆ ಇದೆ ಅಣ್ಣ, ದೇವರಕಾಡಿನ ಅಂಚಿನಲ್ಲಿ ಅಂದರು. ಹೋಗಿ ನೋಡಿದೆ. ಇದೆ! ಅವರಿಗೆ 20 ವರ್ಷದಿಂದ ಗೊತ್ತಿತ್ತು. ನಾನು ಕೇಳಿರಲಿಲ್ಲ.

ದರೆಮನೆ · ಜನವರಿ 24

ಕೆಲಸ ಶುರುವಾಗಿದೆ. ಎಂಜಿನಿಯರ್ ಬಂದು ಹಳ್ಳ ನೋಡಿದರು. ಮೇಲಿನ ದರೆಯ ಕಡೆ ಅಗಲ ಮಾಡಲು ಒಪ್ಪಿದರು. ಮೋರಿಯೂ ಆಗುತ್ತದೆ. ಮಣ್ಣು ಸಾಗಿಸುವ ಮಾತು ಮಾತ್ರ ಅರ್ಧ ಆಯಿತು. ಹಗಲು ನಾವು ನಿಂತಿದ್ದಾಗ ಟಿಪ್ಪರಿಗೆ ಹಾಕಿದರು. ಒಂದು ದಿನ ಸಂಜೆ ನಾವಿಲ್ಲದಾಗ ನಾಲ್ಕೈದು ಬಕೆಟ್ ಕೆಳಗೆ ತಳ್ಳಿದ್ದಾರೆ. ಎರಡು ದೊಡ್ಡ ಮರಜರಿ, ಒಂದು ಚಿಕ್ಕದು ಅಡಿಗೆ ಹೋದವು. ಬಿಡಿಸಲು ಹೋದೆ, ನೆತ್ತಿ ಮುರಿದಿತ್ತು. ಮೇಡಂ ಹೇಳಿದ್ದು ನೆನಪಾಯಿತು. ಅಲ್ಲೇ ಕೂತು ಅತ್ತುಬಿಟ್ಟೆ.

ಡಬ್ಬದಲ್ಲಿ ಹಸಿರು ಪೊರೆ ಬಂದಿದೆ.

ಬೀಟ್‌ನಡಿಗೆ · ಜನವರಿ 24

ಬೇಸರ ಮಾಡಿಕೊಳ್ಳಬೇಡಿ ತಾಯಿ. ಮಳೆಗೆ ಮೊದಲು ಆ ಸಡಿಲ ಮಣ್ಣಿನ ಕೆಳಗೆ ಕಲ್ಲಿನ ಸಾಲು ಇಡಿಸಿ. ಇಲ್ಲದಿದ್ದರೆ ಜೂನಿನಲ್ಲಿ ಅಷ್ಟೂ ಬಂಡೆಯ ಮೇಲೆ ಇಳಿಯುತ್ತದೆ. ಊರಿನವರು ಎರಡು ದಿನ ಶ್ರಮದಾನ ಮಾಡಿದರೆ ಸಾಕು.

ದರೆಮನೆ · ಜೂನ್ 19

ಮಳೆ ಹಿಡಿದಿದೆ. ಕಲ್ಲಿನ ಸಾಲು ನಿಂತಿದೆ. ದೊಡ್ಡ ಮರಜರಿ 9, ಚಿಕ್ಕವು 3 ಇವೆ. ಎಲ್ಲದರಲ್ಲೂ ಹೊಸ ಸುರುಳಿ ಬಿಚ್ಚುತ್ತಿದೆ. ಬಂಡೆಯ ಪೊರೆಜರಿ ರಸ್ತೆ ಕಡೆಯ ಮಗ್ಗುಲಲ್ಲಿ ಹೋಯಿತು. ಅಲ್ಲಿ ಒಂದು ನಂದಿಮರ ಕಡಿದಿದ್ದರು, ಬೇಸಿಗೆಯ ಬಿಸಿಲು ನೇರ ಬಿತ್ತು. ಆಚೆ ಮಗ್ಗುಲಲ್ಲಿ ಹಾಗೇ ಇದೆ. ಬಟ್ಟೆ ತೊಳೆಯುವ ಕಲ್ಲನ್ನು ನಾವು ಕೆಳಗೆ ಸರಿಸಿಕೊಂಡಿದ್ದೇವೆ. ಪಂಚಾಯಿತಿಯ ಪುಸ್ತಕದಲ್ಲಿ ಮರಜರಿ ಅಂತ ಒಂದು ಸಾಲು ಬರೆಸಿದೆ.

ಡಬ್ಬದ ಹಾಳೆಗಳಿಂದ ಪುಟ್ಟ ಪುಟ್ಟ ಎಲೆ ಎದ್ದಿವೆ. ಎಣಿಸಲು ಆಗದಷ್ಟು. ಮಳೆಗಾಲ ಅಲ್ವಾ, ಈಗಲೇ ಹಳ್ಳದ ದಂಡೆಗೆ ನೆಟ್ಟುಬಿಡಲಾ?

ಪಾದೆಯೂರು · ಜೂನ್ 19

ಒಳ್ಳೆಯ ಸುದ್ದಿ ಅಕ್ಕಾ. ನಮ್ಮ ಎರಡು ತಗ್ಗಿನಲ್ಲೂ ಐಸೋಯಿಟಿಸ್ ಎದ್ದಿದೆ. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿದೆ. ಫೋಟೋ ಹಾಕಿದ್ದೇನೆ.

ಸಸ್ಯಪಾಠ · ಜೂನ್ 20

ಬೇಡ, ಈಗಲೇ ನೆಡಬೇಡಿ. ಈ ಮಳೆಗೆ ಎಲ್ಲ ಕೊಚ್ಚಿ ಹೋಗುತ್ತವೆ. ಮುಚ್ಚಳವನ್ನು ದಿನಕ್ಕೆ ಸ್ವಲ್ಪ ಸ್ವಲ್ಪ ಸರಿಸಿ, ಹೊರಗಿನ ಗಾಳಿ ಅಭ್ಯಾಸವಾಗಲಿ. ಬೆರಳುದ್ದ ಆದಾಗ ಸಣ್ಣ ಕುಂಡಕ್ಕೆ ಬದಲಿಸಿ. ಗೇಣುದ್ದ ಆದ ಮೇಲೆ, ಮುಂದಿನ ವರ್ಷದ ಮೊದಲ ಮಳೆ ಕಳೆದು, ಅದೇ ಹಳ್ಳದ ದಂಡೆಯಲ್ಲಿ ನೆಡಿ. ಬೇರೆ ಊರಿನ ಹಳ್ಳಕ್ಕೆ ಕೊಡಬೇಡಿ, ಅಲ್ಲಿಯದು ಅಲ್ಲಿಗೇ ಇರಲಿ. ನೆಡುವ ಮೊದಲು ಅರಣ್ಯದವರಿಗೆ ಒಂದು ಪತ್ರ ಕೊಡಿ.

ದರೆಮನೆ · ಜೂನ್ 20

ಸರಿ ಮೇಡಂ. ಹಾಗಿದ್ದರೆ ಡಬ್ಬ ಅಡುಗೆಮನೆಯ ಕಿಟಕಿಯಲ್ಲೇ ಇರಲಿ. ಅತ್ತೆಯವರು ಬೆಳಗ್ಗೆ ಎದ್ದ ತಕ್ಷಣ ಮುಚ್ಚಳ ತೆಗೆದು ನೋಡುತ್ತಾರೆ. ಸ್ವಲ್ಪ ಸರಿಸಿ ಇಡಲು ಅವರಿಗೇ ಹೇಳುತ್ತೇನೆ.